ಏಳು ಬಟನ್ ಮೌಸು, ಲಿನಕ್ಸ್ ಮಿಂಟು: ಕರೆಂಟ್ ಹೋಗಿ ಬಂದ್ರೆ ಒಂದು ಬಟನ್ ಮಾತ್ರ ಎಲ್ಲಾ ಮರ್ತುಬಿಡ್ತದೆ

ತೋಟದಂಚು_ಶಿರಸಿ

ನಮಸ್ಕಾರ ಎಲ್ಲರಿಗೂ. ಶಿರಸಿ ಪೇಟೇಲಿ ಸಣ್ಣ ಡಿಟಿಪಿ ಅಂಗಡಿ ನಂದು. ಮದ್ವೆ ಉಪನಯನದ ಕರೆಯೋಲೆ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಸೊಸೈಟಿಗೆ ಕೊಡೋ ಅರ್ಜಿ, ಇಂಥದ್ದೇ ಕೆಲಸ. ಕಂಪ್ಯೂಟರ್ ಎರಡೂ ಹಳೇವು, ವಿಂಡೋಸ್ 11 ಅದಕ್ಕೆ ಹತ್ತೋದಿಲ್ಲ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ನಿಂತೋಯ್ತಲ್ಲ, ಆವಾಗ ಅಕ್ಕನ ಮಗ ಬಂದು ಎರಡಕ್ಕೂ ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟು ಹೋದ. ಕೆಲಸ ಚೆನ್ನಾಗೇ ನಡೀತಾ ಅದೆ, ಆ ಬಗ್ಗೆ ದೂರಿಲ್ಲ.

ತೊಂದ್ರೆ ಇರೋದು ಕೈಯಿಂದು. ಒಂದು ಕರೆಯೋಲೇಲಿ ಕನ್ನಡ ಇಂಗ್ಲಿಷ್ ಮಧ್ಯೆ ಎಷ್ಟು ಸಲ ಹಾರಬೇಕು ಅಂತ ಮಾಡಿದವರಿಗೇ ಗೊತ್ತು, ಹುಡುಗನ ಹೆಸರು ಕನ್ನಡ, ಡಿಗ್ರಿ ಇಂಗ್ಲಿಷ್, ಊರು ಕನ್ನಡ, ಹಾಲ್ ಹೆಸರು ಅರ್ಧ ಅರ್ಧ. ಪ್ರತಿ ಸಲ ಸೂಪರ್ ಕೀ (ವಿಂಡೋಸ್ ಚಿಹ್ನೆ ಇರೋದು) ಒತ್ಕಂಡು ಸ್ಪೇಸ್ ಒತ್ತಿ ಒತ್ತಿ ಎಡಗೈ ಕಿರುಬೆರಳು ರಾತ್ರಿ ಸೆಟೆದುಕೊಳ್ತದೆ. ಅದಕ್ಕೆ ಏಳು ಬಟನ್ನಿನ ಯುಎಸ್‌ಬಿ ಮೌಸ್ ತಗಂಡೆ. ಹೆಬ್ಬೆರಳ ಹತ್ರ ಇರೋ ಹಿಂದಿನ ಬಟನ್ನಿಗೆ ಭಾಷೆ ಬದಲಾಯ್ಸೋದು, ಮುಂದಿನ ಬಟನ್ನಿಗೆ ಮಿಡಲ್ ಕ್ಲಿಕ್, ಅಂದ್ರೆ ವೀಲು ಒತ್ತಿದ ಹಾಗೆ (ಈ ಮೌಸಿನ ವೀಲು ಒತ್ತೋಕೆ ಭಾರೀ ಗಟ್ಟಿ). ವಿಡಿಯೋ ನೋಡ್ಕಂಡು ಭಾಷೆದ್ದು ಎಕ್ಸ್‌ಬೈಂಡ್‌ಕೀಸ್ ಅಂತ ಬಟನ್ನಿಗೆ ಕೆಲಸ ಕೊಡೋ ಪ್ರೋಗ್ರಾಮಲ್ಲಿ ಮಾಡಿದೆ, ಮಿಡಲ್ ಕ್ಲಿಕ್ಕಿಂದು ಎಕ್ಸ್‌ಇನ್‌ಪುಟ್ ಕಮಾಂಡಲ್ಲಿ ಮಾಡಿ ಸ್ಟಾರ್ಟ್ಅಪ್ಪಿಗೆ ಹಾಕಿದೆ.

ಬೆಳಿಗ್ಗೆ ಅಂಗಡಿ ತೆಗೆದಾಗ ಎರಡೂ ಸರಿ. ಮಧ್ಯಾಹ್ನದ ಹೊತ್ತಿಗೆ ಮಿಡಲ್ ಕ್ಲಿಕ್ಕಿನ ಬಟನ್ ಕೈ ಕೊಡ್ತದೆ, ಒತ್ತಿದ್ರೆ ಬ್ರೌಸರಲ್ಲಿ ಫಾರ್ವರ್ಡ್ ಹೋಗ್ತದೆ. ಭಾಷೆ ಬಟನ್ ಮಾತ್ರ ಗಟ್ಟಿಯಾಗಿ ನಿಲ್ತದೆ. ರೀಸ್ಟಾರ್ಟ್ ಮಾಡಿದ್ರೆ ಮತ್ತೆ ಎರಡೂ ಸರಿ. ಮಳೆ ಹಿಡಿದ ಮೇಲಂತೂ ದಿನಕ್ಕೆ ಮೂರು ಸಲ ರೀಸ್ಟಾರ್ಟ್ ಮಾಡ್ತಾ ಇದ್ದೇನೆ. ಮೌಸು ಹಾಳೋ, ಲಿನಕ್ಸಿಂದೇ ಗುಣವೋ, ನಾ ಮಾಡಿದ್ದರಲ್ಲೇ ತಪ್ಪೋ? ಯಾರಾದ್ರೂ ಹೇಳಿ ಪುಣ್ಯ ಕಟ್ಕೊಳ್ಳಿ.

ಯಲ್ಲಾಪುರ_ಜೇನು

ಮೌಸಿನ ಜೊತೆ ಬರೋ ಸಾಫ್ಟ್‌ವೇರ್ ವಿಂಡೋಸಿಗೆ ಮಾತ್ರ ಇರೋದು. ವಿಂಡೋಸಿಗೇ ವಾಪಸ್ ಹೋಗಿ, ಈ ತಲೆನೋವು ಯಾಕೆ.

ಘಟ್ಟದ_ಮೇಲಿನವ

@ಯಲ್ಲಾಪುರ_ಜೇನು ಅವರು ಕೇಳಿದ್ದು ಅದಲ್ಲ ಮಾರಾಯ್ರೆ. ಹಳೇ ಕಂಪ್ಯೂಟರ್ ಎರಡೂ ಎಸೆದು ಹೊಸದು ತಗೊಳ್ಳಿ ಅಂದ ಹಾಗಾಯ್ತು ಇದು.

ಕಡಲತಡಿ_ಕಾರವಾರ

ಏನನ್ನಾದ್ರೂ ಬದಲಾಯಿಸೋಕೆ ಮುಂಚೆ ಒಂದು ಕೆಲಸ ಮಾಡಿ, ಪ್ರತಿಯೊಂದು ಬಟನ್ ಒತ್ತಿದಾಗ ಮೌಸು ಏನು ಹೇಳ್ತದೆ ಅಂತ ಕೇಳಿಸಿಕೊಳ್ಳಿ. ತೊಂಬತ್ತು ಭಾಗ ಜನ ಇದನ್ನೇ ಬಿಟ್ಟು ನೇರ ಸೆಟ್ಟಿಂಗಿಗೆ ಕೈ ಹಾಕ್ತಾರೆ. ನಾನು ಮೊಬೈಲಿಂದ ಬರೀತಾ ಇದ್ದೇನೆ, ಕಮಾಂಡೆಲ್ಲ ಕನ್ನಡದಲ್ಲೇ ಇರ್ತದೆ, ನೀವು ಟರ್ಮಿನಲ್ಲಲ್ಲಿ (ಕಮಾಂಡ್ ಹೊಡೆಯೋ ಕಪ್ಪು ಕಿಟಕಿ) ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೀರಿ.

ಎಕ್ಸ್‌ಇವಿ ಅಂತ ಹೊಡೆದ್ರೆ ಒಂದು ಬಿಳಿ ಕಿಟಕಿ ಬರ್ತದೆ. ಪಾಯಿಂಟರ್ ಅದರ ಒಳಗಿಟ್ಟು ಒಂದೊಂದೇ ಬಟನ್ ಒತ್ತಿ. ಆದ್ರೆ ಅದಕ್ಕೂ ಮುಂಚೆ ಎಕ್ಸ್‌ಬೈಂಡ್‌ಕೀಸ್ ನಿಲ್ಲಿಸಿ, ಯಾಕಂದ್ರೆ ಅದು ಬಟನ್ನನ್ನ ತಾನೇ ಹಿಡ್ಕೊಳ್ತದೆ, ಎಕ್ಸ್‌ಇವಿ ತನಕ ಸರಿಯಾಗಿ ಮುಟ್ಟೋದಿಲ್ಲ. ನಂಬರ್ ಹೀಗೆ: 1 ಎಡ, 2 ನಡುವಿಂದು, 3 ಬಲ. 4 ಮತ್ತು 5 ವೀಲು ಮೇಲೆ ಕೆಳಗೆ, 6 ಮತ್ತು 7 ವೀಲು ಅಡ್ಡಕ್ಕೆ. ಹಾಗಾಗಿ ಹೆಬ್ಬೆರಳಿನ ಎರಡು ಬಟನ್ ಶುರುವಾಗೋದೇ 8ರಿಂದ, 8 ಅಂದ್ರೆ ಬ್ಯಾಕ್, 9 ಅಂದ್ರೆ ಫಾರ್ವರ್ಡ್. ಡಬ್ಬದ ಮೇಲೆ ನಾಕನೇ ಬಟನ್ ಅಂತ ಬರೆದಿದ್ರೂ ಎಕ್ಸ್ (ಲಿನಕ್ಸಲ್ಲಿ ಸ್ಕ್ರೀನು, ಮೌಸು, ಕೀಬೋರ್ಡ್ ನೋಡ್ಕೊಳ್ಳೋ ಪ್ರೋಗ್ರಾಮು) ಲೆಕ್ಕದಲ್ಲಿ ಅದು 8. ಇಲ್ಲೇ ಬಹಳ ಜನ ಎಡವೋದು.

ಏಳೂ ಬಟನ್ ಒತ್ತಿ ಏನು ಬಂತು ಅಂತ ಹಾಗೇ ಬರೀರಿ. ಆಮೇಲೆ ಮಾತಾಡೋಣ.

ಅಘನಾಶಿನಿ_ದಂಡೆ

ಇಷ್ಟೆಲ್ಲ ಎಂತಕ್ಕೆ, ಪೈಪರ್ ಹಾಕಿ ಸಾಕು. ಮೌಸಿನ ಚಿತ್ರನೇ ಬರ್ತದೆ, ಬಟನ್ ಮೇಲೆ ಒತ್ತಿ ಬೇಕಾದ್ದು ಕೊಡೋದು. ಮೌಸಿನ ಒಳಗೇ ಸೇವ್ ಆಗ್ತದೆ, ಯಾವ ಕಂಪ್ಯೂಟರಿಗೆ ಚುಚ್ಚಿದ್ರೂ ಹಾಗೇ ಇರ್ತದೆ. ನಂದು ಲಾಜಿಟೆಕ್, ಒಂದು ದಿನವೂ ತಕರಾರಿಲ್ಲ.

ಕಡಲತಡಿ_ಕಾರವಾರ

@ಅಘನಾಶಿನಿ_ದಂಡೆ ಪೈಪರ್ ಒಳ್ಳೇದೇ, ಆದ್ರೆ ಅದರ ಹಿಂದೆ ಇರೋ ಲಿಬ್‌ರ‍್ಯಾಟ್‌ಬ್ಯಾಗಿಗೆ ಗೊತ್ತಿರೋ ಮೌಸಿಗೆ ಮಾತ್ರ. ಮೌಸಿನ ಒಳಗೆ ಬರೆದಿಡೋಕೆ ಜಾಗ ಇರಬೇಕು, ಆ ಮೌಸಿನ ಭಾಷೆ ಅದಕ್ಕೆ ಬರಬೇಕು. ಲಾಜಿಟೆಕ್ಕಿನ ಬೇಕಾದಷ್ಟು ಮಾಡೆಲ್ ಅದರಲ್ಲಿ ಇವೆ. ರೇಜರ್ ಆದ್ರೆ ಓಪನ್‌ರೇಜರ್ ಅಂತ ಬೇರೇನೇ ಇದೆ. ಹೆಸರಿಲ್ಲದ ಮೌಸಿಗೆ ಪೈಪರ್ ತೆಗೆದ್ರೆ ಸಾಧನ ಸಿಗಲಿಲ್ಲ ಅಂತಷ್ಟೇ ಹೇಳ್ತದೆ.

ತೋಟದಂಚು_ಶಿರಸಿ

ಪೈಪರ್ ಹಾಕಿ ನೋಡಿದೆ, ಕಾರವಾರದವರು ಹೇಳಿದಂಗೇ ಆಯ್ತು, ಏನೂ ಸಿಗಲಿಲ್ಲ.

ಎಕ್ಸ್‌ಇವಿ ಕೂಡ ಮಾಡಿದೆ. ಎಡ 1, ಬಲ 3, ವೀಲ್ ಒತ್ತಿದ್ರೆ 2. ಹೆಬ್ಬೆರಳಿನ ಹಿಂದಿಂದು 8, ಮುಂದಿಂದು 9. ವೀಲಿನ ಹಿಂದೆ ಡಿಪಿಐ ಅಂತ ಒಂದು ಸಣ್ಣ ಬಟನ್ ಅದೆ, ಅದನ್ನ ಎಷ್ಟು ಒತ್ತಿದ್ರೂ ಒಂದು ಸಾಲೂ ಬರೋದಿಲ್ಲ, ಬಾಣದ ಓಟ ಮಾತ್ರ ಹೆಚ್ಚುಕಮ್ಮಿ ಆಗ್ತದೆ. ಎಡ ಬಟನ್ ಪಕ್ಕದಲ್ಲಿ ಕೆಂಪು ಬಟನ್ ಒಂದಿದೆ, ಅದಕ್ಕೆ 1, 1, 1 ಅಂತ ಪಟಪಟ ಮೂರು ಸಲ ಬರ್ತದೆ. ಆ ಕೆಂಪು ಬಟನ್ನಿಗೆ ಪೇಸ್ಟ್ ಕೊಡೋಣ ಅಂತಿದ್ದೆ, ಆಗ್ತದಾ?

ಕಡಲತಡಿ_ಕಾರವಾರ

ಆಗೋದಿಲ್ಲ. ಕೆಂಪು ಬಟನ್ ಆಟ ಆಡೋರಿಗೆ ಗುಂಡು ಹಾರಿಸೋಕೆ ಇಟ್ಟಿದ್ದು. ಒಂದು ಸಲ ಒತ್ತಿದ್ರೆ ಮೌಸಿನ ಒಳಗಿನ ಚಿಪ್ಪೇ ಎಡ ಕ್ಲಿಕ್ಕನ್ನ ಮೂರು ಸಲ ಕಳಿಸ್ತದೆ. ಕಂಪ್ಯೂಟರಿಗೆ ಬರೋದು ಎಡ ಕ್ಲಿಕ್ಕೇ, ನೀವು ನಿಜವಾಗಿ ಮೂರು ಸಲ ಒತ್ತಿದ್ದಕ್ಕೂ ಅದಕ್ಕೂ ವ್ಯತ್ಯಾಸ ಗೊತ್ತಾಗೋ ದಾರಿಯೇ ಇಲ್ಲ. ಡಿಪಿಐ ಬಟನ್ನೂ ಹಾಗೇ, ಚಿಪ್ಪು ತನ್ನೊಳಗೇ ಮುಗಿಸಿಬಿಡ್ತದೆ, ಹೊರಗೆ ಸುದ್ದಿ ಬಿಡೋದಿಲ್ಲ. ಡಬ್ಬದ ಮೇಲೆ ಏಳಿದ್ರೂ ನಿಮ್ಮ ಕೈಗೆ ಸಿಕ್ಕಿದ್ದು ಐದು. ಕೆಂಪು ಬಟನ್ನಿಂದ ಒಂದು ಉಪಯೋಗ ಇದೆ: ಲಿಬ್ರೆಆಫೀಸ್ ರೈಟರಲ್ಲಿ ಮೂರು ಕ್ಲಿಕ್ಕಿಗೆ ಇಡೀ ವಾಕ್ಯ ಸೆಲೆಕ್ಟ್ ಆಗ್ತದೆ, ಪ್ರೂಫ್ ನೋಡುವಾಗ ಬೇಕಾಗ್ತದೆ ಇಟ್ಕೊಳ್ಳಿ.

ಹಂಚಿನಮನೆ_ಮಾಸ್ತರು

ನಡುವೆ ಬಾಯಿ ಹಾಕ್ತೇನೆ, ಬೇಸರ ಬೇಡ. ಮೌಸು ಕಂಡುಹಿಡಿದ ಡಗ್ಲಸ್ ಎಂಗೆಲ್‌ಬಾರ್ಟ್ ಅವರ 1964ರ ಮೊದಲ ಮೌಸು ಮರದ ಪೆಟ್ಟಿಗೆ, ಬಟನ್ ಒಂದೇ. 1968ರ ಡಿಸೆಂಬರಲ್ಲಿ ಜನರ ಮುಂದೆ ತೋರಿಸುವಾಗ ಮೂರಾಗಿತ್ತು. ಶಾಲೇಲಿ ಮಕ್ಕಳಿಗೆ ಇದನ್ನ ಹೇಳಿದ್ರೆ ಕಣ್ಣು ಬಿಟ್ಟುಕೊಂಡು ಕೇಳ್ತಾವೆ, ಮರದ ಮೌಸು ಅಂದ್ರೆ ನಂಬೋದೇ ಇಲ್ಲ.

ಬೆಂಗಳೂರಲ್ಲಿರೋ_ಸಿದ್ದಾಪುರದವ

ಶಿರಸಿಯವರೆ, ನೀವು ಬರೆದಿದ್ದರಲ್ಲೇ ಉತ್ತರ ಇದೆ, ಯಾರೂ ಗಮನಿಸಿಲ್ಲ. ಎರಡು ಬಟನ್ನಲ್ಲಿ ಒಂದೇ ಹಾಳಾಗತ್ತೆ ಅಂದ್ರಲ್ಲ, ಅದು ಯಾವುದು ನೋಡಿ. ಎಕ್ಸ್‌ಬೈಂಡ್‌ಕೀಸ್ ನೋಡೋದು ಬಟನ್ ನಂಬರನ್ನ, 8 ಯಾವ ಮೌಸಿಂದ ಬಂದ್ರೂ ಅದಕ್ಕೆ ಒಂದೇ. ಎಕ್ಸ್‌ಇನ್‌ಪುಟ್ ಹಾಗಲ್ಲ, ಅದು ಆ ಹೊತ್ತಿಗೆ ಚುಚ್ಚಿರೋ ಆ ಸಾಧನಕ್ಕೆ ಮಾತ್ರ ಸೆಟ್ಟಿಂಗ್ ಅಂಟಿಸತ್ತೆ. ಮೌಸು ಒಂದು ಕ್ಷಣ ಕಿತ್ತು ಮತ್ತೆ ಚುಚ್ಚಿದ್ರೆ ಎಕ್ಸ್ ಪಾಲಿಗೆ ಅದು ಹೊಸ ಮೌಸು, ಹಳೇ ಸೆಟ್ಟಿಂಗ್ ಹಳೇದರ ಜೊತೆಗೇ ಹೋಯ್ತು. ಸ್ಟಾರ್ಟ್ಅಪ್ ಕಮಾಂಡ್ ಓಡೋದು ಲಾಗಿನ್ ಆದಾಗ ಒಂದೇ ಸಲ.

ಅಂದ್ರೆ ನಿಮ್ಮ ಮೌಸು ಹಗಲು ಹೊತ್ತಲ್ಲಿ ಎಲ್ಲೋ ಕಳಚಿ ಮತ್ತೆ ಸೇರ್ತಾ ಇದೆ. ಟರ್ಮಿನಲ್ಲಲ್ಲಿ ಸುಡೋ (ಅಡ್ಮಿನ್ ಅಧಿಕಾರ ಕೊಡೋದು) ಡಿಮೆಸ್ಜ್ (ಡಿ ಎಂ ಇ ಎಸ್ ಜಿ, ಕಂಪ್ಯೂಟರಿನ ಒಳಗಿನ ಸುದ್ದಿ ತೋರಿಸೋದು) ಹಾಕಿ ಒಂದು ಸ್ಪೇಸ್ ಬಿಟ್ಟು ಹೈಫನ್ ಡಬ್ಲ್ಯೂ ಹೊಡೆದು ಹಾಗೇ ತೆರೆದಿಡಿ, ಯುಎಸ್‌ಬಿ ಡಿಸ್‌ಕನೆಕ್ಟ್ ಅಂತ ಯಾವಾಗ ಬೀಳತ್ತೆ ನೋಡಿ. ಇನ್ನೊಂದು, ನಿಮ್ಮ ಕಮಾಂಡಲ್ಲಿ ಮೌಸಿನ ಹೆಸರು ಹಾಕಿದ್ದೀರಾ, ಐಡಿ ನಂಬರ್ ಹಾಕಿದ್ದೀರಾ?

ತೋಟದಂಚು_ಶಿರಸಿ

ಐಡಿ ನಂಬರ್ 11 ಅಂತ ಹಾಕಿದ್ದೆ. ವಿಡಿಯೋದಲ್ಲಿ ಹಾಗೇ ಇತ್ತು.

ಬೆಂಗಳೂರಲ್ಲಿರೋ_ಸಿದ್ದಾಪುರದವ

ಅದೂ ತಪ್ಪೇ. ಆ ನಂಬರ್ ಇವತ್ತು 11 ಇದ್ರೆ ನಾಳೆ 13 ಆಗಬಹುದು. ಹೆಸರು ಹಾಕಿ. ಎಕ್ಸ್‌ಇನ್‌ಪುಟ್ ಪಟ್ಟೀಲಿ ಒಂದೇ ಹೆಸರಲ್ಲಿ ಎರಡು ಸಾಲು ಕಂಡ್ರೆ, ಒಂದು ಪಾಯಿಂಟರ್ ಕೆಳಗೆ ಒಂದು ಕೀಬೋರ್ಡ್ ಕೆಳಗೆ, ಹೆಸರಿನ ಮುಂಚೆ ಪಾಯಿಂಟರ್ ಅಂತ ಬರೆದು ಕೋಲನ್ ಹಾಕಿ.

ಅಂಕೋಲೆ_ಇಶಾಡು

ಒಂದು ಮೌಸು ಕೀಬೋರ್ಡ್ ಪಟ್ಟೀಲಿ ಎಂತಕ್ಕೆ ಬರ್ತದೆ? ನಂಗೂ ಹಾಗೇ ಅದೆ, ಮೌಸ್ ಹಾಳಾಗಿದೆ ಅಂದ್ಕಂಡು ಬದಲಾಯ್ಸೋಕೆ ಹೊರಟಿದ್ದೆ.

ಕಡಲತಡಿ_ಕಾರವಾರ

@ಅಂಕೋಲೆ_ಇಶಾಡು ಹಾಳಾಗಿಲ್ಲ, ಬದಲಾಯಿಸಬೇಡಿ. ತುಂಬಾ ಬಟನ್ ಇರೋ ಮೌಸುಗಳು ತಾನು ಮೌಸೂ ಹೌದು ಕೀಬೋರ್ಡೂ ಹೌದು ಅಂತ ಎರಡು ಮುಖ ತೋರಿಸ್ತಾವೆ. ಹೆಬ್ಬೆರಳ ಹತ್ರ ಹನ್ನೆರಡು ಬಟನ್ ಇರ್ತವಲ್ಲ, ಅಂಥದ್ದರಲ್ಲಿ ಆ ಬಟನ್ನುಗಳು ಕೀಬೋರ್ಡಿನ ಅಂಕಿಗಳನ್ನೇ ಕಳಿಸೋದುಂಟು. ಎಕ್ಸ್‌ಇವೀಲಿ ಬಟನ್‌ಪ್ರೆಸ್ ಬದಲು ಕೀಪ್ರೆಸ್ ಅಂತ ಬಂದ್ರೆ ಅದೇ ಕಥೆ.

ತೋಟದಂಚು_ಶಿರಸಿ

ಸಿದ್ದಾಪುರದ ಭಾವಂಗೆ ದೊಡ್ಡ ನಮಸ್ಕಾರ. ಸಿಕ್ತು.

ಇವತ್ತು ಆ ಕಮಾಂಡ್ ತೆರೆದಿಟ್ಟುಕೊಂಡೇ ಕೆಲಸ ಮಾಡ್ತಿದ್ದೆ. ಹನ್ನೊಂದೂವರೆಗೆ ಕರೆಂಟ್ ಹೋಯ್ತು. ಕಂಪ್ಯೂಟರ್ ಯುಪಿಎಸ್ ಮೇಲೆ ಅದೆ, ಅದು ಅಲ್ಲಾಡಲಿಲ್ಲ, ಸ್ಕ್ರೀನೂ ಹಾಗೇ ಇತ್ತು. ಆದ್ರೆ ಆ ಕಪ್ಪು ಕಿಟಕೀಲಿ ಪಟಪಟ ಅಂತ ನಾಕು ಸಾಲು ಬಿತ್ತು, ಯುಎಸ್‌ಬಿ ಡಿಸ್‌ಕನೆಕ್ಟ್, ಡಿವೈಸ್ ನಂಬರ್ 5. ಎರಡು ಸೆಕೆಂಡ್ ಬಿಟ್ಟು ಹೊಸ ಡಿವೈಸ್, ನಂಬರ್ 6. ಕೈಲಿದ್ದ ಮೌಸು ನೋಡ್ದೆ, ಹೊಟ್ಟೆ ಒಳಗಿನ ದೀಪ ಆರಿ ಹತ್ತಿಕೊಂಡಿತ್ತು. ವಯರ್ ಹಿಡ್ಕಂಡು ಟೇಬಲ್ ಹಿಂದೆ ಹೋದ್ರೆ, ಮೌಸು ಚುಚ್ಚಿದ್ದು ಯುಎಸ್‌ಬಿ ಹಬ್ಬಿಗೆ, ಹಬ್ಬಿಗೆ ಅದರದ್ದೇ ಅಡಾಪ್ಟರ್ರು, ಆ ಅಡಾಪ್ಟರ್ ಇರೋದು ಗೋಡೆ ಪ್ಲಗ್ಗಲ್ಲಿ, ಅದು ಇನ್ವರ್ಟರ್ ಲೈನು. ಕರೆಂಟ್ ಹೋಗಿ ಇನ್ವರ್ಟರ್ ಹಿಡ್ಕೊಳ್ಳೋ ಅಷ್ಟರಲ್ಲಿ ಹಬ್ಬು ಒಂದು ಸಲ ಸತ್ತು ಹುಟ್ತದೆ. ಮೂರು ವಾರದಿಂದ ನನ್ನ ತಲೆ ತಿಂದಿದ್ದು ಇದು.

ಹಂಗಂತ ಮೌಸನ್ನ ನೇರ ಸಿಪಿಯುಗೆ ಚುಚ್ಚಿದ್ರೆ ವಯರ್ ಸಾಲೋದಿಲ್ಲ, ಸಿಪಿಯು ಇರೋದು ಕೌಂಟರ್ ಕೆಳಗೆ. ಯುಪಿಎಸ್ಸಿನ ಪ್ಲಗ್ಗುಗಳೂ ಭರ್ತಿ. ಸೆಟ್ಟಿಂಗೇ ಮರೆಯದ ಹಾಗೆ ಮಾಡೋಕೆ ಆಗ್ತದಾ?

ಘಟ್ಟದ_ಮೇಲಿನವ

ಈ ಮಳೇಲಿ ಕರೆಂಟಿನ ಕಥೆ ಹೇಳಿ ಪ್ರಯೋಜನ ಇಲ್ಲ. ನಮ್ಮಲ್ಲಿ ನಿನ್ನೆ ಮಧ್ಯಾಹ್ನ ಲೈನ್ ಮೇಲೆ ಮರ ಬಿದ್ದಿದ್ದು ಇವತ್ತು ಬೆಳಿಗ್ಗೆ ತೆಗೆದ್ರು.

ಬೆಂಗಳೂರಲ್ಲಿರೋ_ಸಿದ್ದಾಪುರದವ

ಆಗತ್ತೆ. ನಿಮ್ಮದು ಮಿಂಟಿನ ಸಿನಮನ್ ಡೆಸ್ಕ್‌ಟಾಪ್ ಆದ್ರೆ ನೀವು ಎಕ್ಸ್ ಮೇಲೆ ಇದ್ದೀರಿ. ಇಟಿಸಿ ಒಳಗೆ ಎಕ್ಸ್11, ಅದರೊಳಗೆ ಝಾರ್ಗ್ (ಎಕ್ಸ್ ಓ ಆರ್ ಜಿ) ಡಾಟ್ ಕಾನ್ಫ್ ಡಾಟ್ ಡಿ ಅಂತ ಫೋಲ್ಡರ್, ಇಲ್ಲದಿದ್ರೆ ಮಾಡಿ. ಅದರಲ್ಲಿ ಒಂದು ಫೈಲ್ ಇಟ್ಟು ಇನ್‌ಪುಟ್‌ಕ್ಲಾಸ್ ಸೆಕ್ಷನ್ ಬರೀರಿ, ಮ್ಯಾಚ್‌ಪ್ರಾಡಕ್ಟ್ ಮುಂದೆ ಮೌಸಿನ ಹೆಸರು, ಬಟನ್‌ಮ್ಯಾಪಿಂಗ್ ಆಪ್ಷನ್ ಮುಂದೆ 1 2 3 4 5 6 7 8 2. ಕೊನೇ ಜಾಗದಲ್ಲಿ 9ರ ಬದಲು 2 ಇದೆ ನೋಡಿ, ಒಂಬತ್ತನೇದು ಒತ್ತಿದ್ರೆ ಎರಡನೇದು ಅಂತ ತಿಳ್ಕೊ ಅಂತ ಅರ್ಥ. ಆ ಹೆಸರಿನ ಮೌಸು ಎಷ್ಟು ಸಲ ಹೋಗಿ ಬಂದ್ರೂ ಎಕ್ಸ್ ತಾನೇ ಹಾಕ್ಕೊಳ್ಳತ್ತೆ. ಒಂದೇ ಎಚ್ಚರಿಕೆ, ಫೈಲಲ್ಲಿ ಸೆಕ್ಷನ್ ಮುಚ್ಚೋದು ಮರೆತ್ರೆ ಮುಂದಿನ ಸಲ ಡೆಸ್ಕ್‌ಟಾಪೇ ಬರದೆ ಇರಬಹುದು. ಹಾಗಾದ್ರೆ ಕಂಟ್ರೋಲ್ ಆಲ್ಟ್ ಎಫ್2 ಒತ್ತಿ ಲಾಗಿನ್ ಆಗಿ ಆ ಫೈಲ್ ಅಳಿಸಿ.

ಕಡಲತಡಿ_ಕಾರವಾರ

ಅಂಗಡಿ ಕಂಪ್ಯೂಟರಿಗೆ ಡೆಸ್ಕ್‌ಟಾಪೇ ಬರದೆ ಇರೋ ಅಪಾಯ ಇರೋ ದಾರಿ ಯಾಕೆ ತೋರಿಸ್ತೀರಿ? ಮಧ್ಯಾಹ್ನ ಕರೆಯೋಲೆ ಪ್ರೆಸ್ಸಿಗೆ ಹೋಗಬೇಕು, ಸ್ಕ್ರೀನು ಕಪ್ಪು, ಅವರು ಏನು ಮಾಡಬೇಕು? ಹೆಚ್‌ಡಬ್ಲ್ಯೂಡಿಬೀಲಿ (ಸಾಧನಗಳ ಗುರುತು, ಸೆಟ್ಟಿಂಗ್ ಇಡೋ ಲಿನಕ್ಸಿನ ಪಟ್ಟಿ) ಮಾಡಿ. ಅದು ಎಕ್ಸಿಗಿಂತ ಕೆಳಗೆ, ಲಿನಕ್ಸಿನ ತಿರುಳಾದ ಕರ್ನಲ್ಲಿನ ಹತ್ತಿರವೇ ಕೆಲಸ ಮುಗಿಸ್ತದೆ. ಎಕ್ಸಿಗೆ ಹೋಗುವಾಗಲೇ ಆ ಬಟನ್ ಮಿಡಲ್ ಬಟನ್ ಆಗಿರ್ತದೆ. ನಾಳೆ ಎಕ್ಸ್ ಬದಲು ಬರ್ತಿರೋ ವೇಲ್ಯಾಂಡಿಗೆ ಹೋದ್ರೂ ಹಾಗೇ ನಡೀತದೆ, ನಿಮ್ಮ ಝಾರ್ಗ್ ಫೈಲು ಅಲ್ಲಿ ಯಾವ ಲೆಕ್ಕಕ್ಕೂ ಬರೋದಿಲ್ಲ. ಉಬುಂಟು ಅನ್ನೋ ಇನ್ನೊಂದು ಲಿನಕ್ಸಿನ 25.10ರಲ್ಲಿ ಗ್ನೋಮ್ ಡೆಸ್ಕ್‌ಟಾಪಿಗೆ ಎಕ್ಸ್ ಸೆಷನ್ನೇ ತೆಗೆದು ಹಾಕಿದ್ದಾರೆ, ಇವತ್ತಲ್ಲ ನಾಳೆ ಎಲ್ಲರಿಗೂ ಬರೋದೇ.

ಬೆಂಗಳೂರಲ್ಲಿರೋ_ಸಿದ್ದಾಪುರದವ

ಮಿಂಟ್ ಸಿನಮನ್ ಈಗಲೂ ಎಕ್ಸನ್ನೇ ಮೊದಲಿಗೆ ಕೊಡತ್ತೆ. ನಾಳೆಯ ಮಳೆಗೆ ಇವತ್ತೇ ಕೊಡೆ ಬಿಡಿಸ್ಕೊಂಡು ಕೂರೋದು ಬೇಡ. ನನ್ನ ಆಫೀಸಲ್ಲಿ ನಾಕು ವರ್ಷದಿಂದ ಆ ಫೈಲೇ ನಡೀತಿದೆ. ಹೆಚ್‌ಡಬ್ಲ್ಯೂಡಿಬೀಲಿ ಹೆಕ್ಸಾ ನಂಬರ್ (ಅಂಕಿ ಜೊತೆ ಎಯಿಂದ ಎಫ್ ತನಕ ಅಕ್ಷರವೂ ಬರೋದು) ಬರೆಯೋದು ಅವರಿಗೆ ಇನ್ನೂ ಕಷ್ಟ.

ಕಡಲತಡಿ_ಕಾರವಾರ

ನಂಬರ್ ಬರೆಯೋದು ಕಷ್ಟ ಅಲ್ಲ, ತಪ್ಪು ಬರೆದ್ರೂ ಬಟನ್ ಬದಲಾಗೋದಿಲ್ಲ ಅಷ್ಟೇ, ಡೆಸ್ಕ್‌ಟಾಪ್ ನಿಲ್ಲೋದಿಲ್ಲ. ನಾನು ಹೇಳೋದು ಅದನ್ನೇ.

ಶಿರಸಿಯವರೆ, ಎಲ್‌ಎಸ್‌ಯುಎಸ್‌ಬಿ ಹೊಡೆದ್ರೆ ಮೌಸಿನ ಸಾಲಲ್ಲಿ ಕೋಲನ್ ಇರೋ ಎರಡು ನಂಬರ್ ಬರ್ತದೆ, ಮೊದಲಿಂದು ಕಂಪನೀದು, ಎರಡನೇದು ಮಾಡೆಲ್ದು. ಇವಿಟೆಸ್ಟ್ ಹಾಕಿ ಸುಡೋ ಕೊಟ್ಟು ಓಡಿಸಿ, ಮೌಸ್ ಆರಿಸಿ, ಮುಂದಿನ ಹೆಬ್ಬೆರಳ ಬಟನ್ ಒತ್ತಿ. ಬಿಟಿಎನ್ ಎಕ್ಸ್‌ಟ್ರಾ, 276, ಅದರ ಪಕ್ಕ ಸ್ಕ್ಯಾನ್ ಕೋಡ್ 90005 ಅಂತ ಬರಬೇಕು. ಹಿಂದಿನದು ಬಿಟಿಎನ್ ಸೈಡ್, 275, ಅದರ ಸ್ಕ್ಯಾನ್ ಕೋಡ್ 90004. ಇಟಿಸಿ ಒಳಗೆ ಯುಡೆವ್, ಅದರೊಳಗೆ ಹೆಚ್‌ಡಬ್ಲ್ಯೂಡಿಬಿ ಡಾಟ್ ಡಿ ಫೋಲ್ಡರಲ್ಲಿ 90-ಮೌಸ್ ಅಂತ ಫೈಲ್ ಮಾಡಿ, ಬಾಲ ಡಾಟ್ ಹೆಚ್‌ಡಬ್ಲ್ಯೂಡಿಬಿ ಅಂತಲೇ ಇರಬೇಕು. ಮೊದಲನೇ ಸಾಲು ಮೌಸಿನ ಗುರುತು, ಇವಿಡೆವ್ ಕೋಲನ್ ಇನ್‌ಪುಟ್ ಕೋಲನ್ ಬಿ0003 ವಿ ಆಮೇಲೆ ಕಂಪನಿ ನಂಬರ್, ಪಿ ಆಮೇಲೆ ಮಾಡೆಲ್ ನಂಬರ್, ಕೊನೆಗೆ ನಕ್ಷತ್ರ. ಇಲ್ಲಿ 0003 ಅಂದ್ರೆ ಯುಎಸ್‌ಬಿ. ಎರಡನೇ ಸಾಲು ಕೀಬೋರ್ಡ್ ಅಂಡರ್‌ಸ್ಕೋರ್ ಕೀ ಅಂಡರ್‌ಸ್ಕೋರ್ 90005 ಈಕ್ವಲ್ ಬಿಟಿಎನ್ ಅಂಡರ್‌ಸ್ಕೋರ್ ಮಿಡಲ್. ಈಕ್ವಲ್ ಮುಂಚೆ ಇರೋದೆಲ್ಲ ದೊಡ್ಡಕ್ಷರ, ಆಮೇಲಿಂದು ಸಣ್ಣಕ್ಷರ. ಸೇವ್ ಮಾಡಿ ಸುಡೋ ಕೊಟ್ಟು ಸಿಸ್ಟಮ್‌ಡಿ ಹೈಫನ್ ಹೆಚ್‌ಡಬ್ಲ್ಯೂಡಿಬಿ ಅಪ್‌ಡೇಟ್, ಆಮೇಲೆ ಮೌಸ್ ಒಂದು ಸಲ ಕಿತ್ತು ಚುಚ್ಚಿ. ಹಳೇ ಎಕ್ಸ್‌ಇನ್‌ಪುಟ್ ಸಾಲನ್ನ ಸ್ಟಾರ್ಟ್ಅಪ್ಪಿಂದ ತೆಗೆದುಬಿಡಿ.

ಅಘನಾಶಿನಿ_ದಂಡೆ

ಇನ್‌ಪುಟ್ ರೀಮ್ಯಾಪರ್ ಅಂತ ಒಂದು ಅದೆ, ಕಿಟಕಿ ತೆಗೆದು ಬಟನ್ ಒತ್ತಿ ಏನು ಬೇಕೋ ಟೈಪ್ ಮಾಡೋದು, ಆಟೋಲೋಡ್ ಆನ್ ಮಾಡಿದ್ರೆ ಕಿತ್ತು ಚುಚ್ಚಿದ್ರೂ ತಾನೇ ಹಾಕ್ಕೊಳ್ತದೆ. ಎಕ್ಸಲ್ಲೂ ನಡೀತದೆ ವೇಲ್ಯಾಂಡಲ್ಲೂ ನಡೀತದೆ. ಇದನ್ನ ಯಾರೂ ಹೇಳ್ತಾನೇ ಇಲ್ಲ, ಎಲ್ಲರಿಗೂ ಫೈಲ್ ಬರೆಯೋದೇ ಬೇಕು.

ಕಡಲತಡಿ_ಕಾರವಾರ

ಅದು ಒಳ್ಳೇ ಸಲಹೆ, ಒಪ್ಪಿದೆ. ಎರಡು ಕೀ ಒಟ್ಟಿಗೆ ಬೇಕಾದಲ್ಲಿ, ಅಂದ್ರೆ ಸೂಪರ್ ಮತ್ತು ಸ್ಪೇಸ್ ಥರದ್ದಕ್ಕೆ ಹೆಚ್‌ಡಬ್ಲ್ಯೂಡಿಬಿ ಆಗೋದೂ ಇಲ್ಲ, ಅದು ಒಂದು ಬಟನ್ನಿಗೆ ಒಂದೇ ಕೋಡ್ ಕೊಡೋದು. ಅಲ್ಲಿ ರೀಮ್ಯಾಪರ್ರೇ ಬೇಕು. ಅದು ರೂಟ್, ಅಂದ್ರೆ ಪೂರ್ತಿ ಅಧಿಕಾರದಲ್ಲಿ ಯಾವಾಗಲೂ ಹಿಂದೆ ಓಡ್ತಾ ಇರ್ತದೆ ಅನ್ನೋದು ಗೊತ್ತಿರಲಿ. ಶಿರಸಿಯವರಿಗೆ ಭಾಷೆ ಬಟನ್ ಎಕ್ಸ್‌ಬೈಂಡ್‌ಕೀಸಲ್ಲಿ ನೆಟ್ಟಗೆ ನಡೀತಿದೆ, ನಡೆಯೋದನ್ನ ಮುಟ್ಟೋದು ಬೇಡ.

ಬನವಾಸಿ_ಕಡೆಯವಳು

ಎಕ್ಸ್‌ಬೈಂಡ್‌ಕೀಸ್ ನಂಗೆ ನೆಟ್ಟಗೆ ನಡೀತಿಲ್ಲ. ಬಟನ್ 8ಕ್ಕೆ ಎಕ್ಸ್‌ಡೂಟೂಲಲ್ಲಿ (ಕೀ ಒತ್ತಿದ ಹಾಗೆ ಕಳಿಸೋ ಪ್ರೋಗ್ರಾಮು) ಸೂಪರ್ ಸ್ಪೇಸ್ ಕೊಟ್ಟಿದ್ದೇನೆ, ನಾಕು ಸಲ ಒತ್ತಿದ್ರೆ ಒಂದು ಸಲ ಭಾಷೆ ಬದಲಾಗ್ತದೆ. ವಿಕಿಸೋರ್ಸಿಗೆ ಹಳೇ ಪುಸ್ತಕದ ಪುಟ ತಿದ್ದೋ ಕೆಲಸ ಮಾಡ್ತೇನೆ, ಬಟನ್ ಒತ್ತಿ ನಂಬಿಕೊಂಡು ಒಂದು ಸಾಲು ಹೊಡೆದ್ರೆ ಪೂರ್ತಿ ಇಂಗ್ಲಿಷಲ್ಲಿ ಬಿದ್ದಿರ್ತದೆ.

ತೋಟದಂಚು_ಶಿರಸಿ

ಅಕ್ಕಾ, ನಂಗೂ ಮೊದಲು ಹಾಗೇ ಆಗ್ತಿತ್ತು. ಫೈಲಲ್ಲಿ ಬಿ ಕೋಲನ್ 8 ಅಂತ ಇರೋ ಸಾಲಲ್ಲಿ ಪ್ಲಸ್ ಹಾಕಿ ರಿಲೀಸ್ ಅಂತ ಸೇರ್ಸಿ. ಬೆರಳು ಬಟನ್ ಮೇಲೆ ಇರೋವಷ್ಟು ಹೊತ್ತು ಅದು ಮೌಸನ್ನ ಗಟ್ಟಿ ಹಿಡ್ಕಂಡಿರ್ತದಂತೆ, ಆ ಹೊತ್ತಲ್ಲಿ ಕಳಿಸಿದ ಕೀ ದಾರಿ ತಪ್ತದೆ. ರಿಲೀಸ್ ಹಾಕಿದ್ರೆ ಬೆರಳು ಎತ್ತಿದ ಮೇಲೆ ಕಳಿಸ್ತದೆ. ನಂಗೆ ಅಲ್ಲಿಂದ ಒಂದು ಸಲವೂ ತಪ್ಪಿಲ್ಲ.

ಬನವಾಸಿ_ಕಡೆಯವಳು

ಅಯ್ಯೋ ಆಯ್ತಲ್ಲ! ಹತ್ತು ಸಲ ಒತ್ತಿ ನೋಡಿದೆ, ಹತ್ತೂ ಸರಿ. ಎರಡು ತಿಂಗಳಿಂದ ಒದ್ದಾಡ್ತಿದ್ದೆ. ನಿಮ್ಮ ಹೊಟ್ಟೆ ತಣ್ಣಗಿರಲಿ.

ಹಂಚಿನಮನೆ_ಮಾಸ್ತರು

ಅಕ್ಕ ಯಾವ ಕೀಲಿಮಣೆ ಬಳಸ್ತೀರಿ? ಕಗಪ ಆದ್ರೆ ಐಬಸ್ಸಲ್ಲಿ (ಬೇರೆ ಬೇರೆ ಭಾಷೆ ಟೈಪ್ ಮಾಡಿಸೋ ಪ್ರೋಗ್ರಾಮು) ಎಂ17ಎನ್ ಅನ್ನೋ ಕೀಲಿಮಣೆಗಳ ಕಟ್ಟು ಹಾಕ್ಕೊಂಡ್ರೆ ಸಿಗ್ತದೆ. ನುಡಿಯಲ್ಲಿ ಕಲಿತ ಕೈಗೆ ಅದೇ ಹಗುರ.

ಬನವಾಸಿ_ಕಡೆಯವಳು

ನಾನು ಇನ್‌ಸ್ಕ್ರಿಪ್ಟು ಮಾಸ್ತರೆ. ಕಾಲೇಜಲ್ಲಿ ಕಲಿತಿದ್ದು ಅದೇ, ಕೈ ಬಿಡೋದಿಲ್ಲ.

ಘಟ್ಟದ_ಮೇಲಿನವ

ಕಗಪ ಮತ್ತೆ ಇನ್‌ಸ್ಕ್ರಿಪ್ಟು ಶುರುವಾಯ್ತಾ, ಇನ್ನು ಮೌಸಿನ ಮಾತು ಬದಿಗೆ ಬೀಳ್ತದೆ. ಬೇರೆ ಎಳೆ ತೆಗೀರಿ ಅದಕ್ಕೆ.

ಕುಮಟಾ_ಪ್ಯಾಟೆ

ನಂದೊಂದು ಪ್ರಶ್ನೆ ಇಲ್ಲೇ ಕೇಳ್ತೇನೆ. ನಮ್ಮನೇಲಿ ಒಂದೇ ಕಂಪ್ಯೂಟರ್, ಎರಡು ಮೌಸು. ಅತ್ತೆಗೆ ಬಲಗೈ ಮಣಿಕಟ್ಟು ನೋವು, ವರ್ಷಗಟ್ಟಲೆ ಮೆಟ್ಟುಗತ್ತೀಲಿ ಅಡಿಕೆ ಸುಲಿದ ಕೈ ಅದು, ಡಾಕ್ಟರು ಆ ಕೈಗೆ ವಿಶ್ರಾಂತಿ ಕೊಡಿ ಅಂದಿದ್ದಾರೆ. ಈಗ ಎಡಗೈಲಿ ಮೌಸ್ ಹಿಡೀತಾರೆ. ಎಡಗೈ ಸೆಟ್ಟಿಂಗ್ ಆನ್ ಮಾಡಿದ್ರೆ ನನ್ನ ಮೌಸೂ ತಿರುಗಾಮುರುಗಾ ಆಗ್ತದೆ. ಅವರು ಎದ್ದು ಹೋದ ಮೇಲೆ ನಾ ಕೂತ್ರೆ ಎಲ್ಲಾ ಕಡೆ ಬಲ ಕ್ಲಿಕ್ಕಿನ ಪಟ್ಟಿ ಬಿಚ್ಕೊಳ್ತದೆ, ಅವರಿಗೆ ಅದು ನೋಡಿ ಬೇಸರ, ನಿನಗೆ ತೊಂದರೆ ಮಾಡಿದೆ ಅಂತ ಕಂಪ್ಯೂಟರೇ ಮುಟ್ಟೋದು ಬಿಟ್ಟಿದ್ದಾರೆ. ಮೊಮ್ಮಗಳ ಜೊತೆ ವಿಡಿಯೋ ಮಾತಾಡೋದು ಅವರಿಗೆ ಇದರಲ್ಲೇ.

ಕಡಲತಡಿ_ಕಾರವಾರ

ಡೆಸ್ಕ್‌ಟಾಪಿನ ಎಡಗೈ ಸೆಟ್ಟಿಂಗು ಎಲ್ಲಾ ಮೌಸಿಗೂ ಒಂದೇ ಸಲ ಬೀಳ್ತದೆ, ಅದನ್ನ ಆಫ್ ಮಾಡಿ. ಎರಡು ಮೌಸಿನ ಮಾಡೆಲ್ ನಂಬರ್ ಬೇರೆ ಬೇರೆ ಇದ್ಯಾ ನೋಡಿ. ಇದ್ರೆ ಮೇಲೆ ಹೇಳಿದ ಹೆಚ್‌ಡಬ್ಲ್ಯೂಡಿಬಿ ಫೈಲಲ್ಲೇ ಅತ್ತೆಯವರ ಮೌಸಿನ ಗುರುತು ಹಾಕಿ, 90001ಕ್ಕೆ ಬಿಟಿಎನ್ ರೈಟ್, 90002ಕ್ಕೆ ಬಿಟಿಎನ್ ಲೆಫ್ಟ್ ಕೊಡಿ. ಅವರ ಮೌಸು ಮಾತ್ರ ತಿರುಗ್ತದೆ, ನಿಮ್ಮದು ಇದ್ದ ಹಾಗೇ ಇರ್ತದೆ. ಇಬ್ಬರಿಗೂ ಒಂದೇ ಮಾಡೆಲ್ ಆದ್ರೆ ಒಂದನ್ನ ಬದಲಾಯಿಸಲೇಬೇಕು. ಅತ್ತೆಗೆ ಎರಡೂ ಕೈಗೆ ಒಂದೇ ಥರ ಕೂರೋ ಮೌಸು ಕೊಡಿ, ಹೆಬ್ಬೆರಳಿಗೆ ಗುಳಿ ಇರೋದು ಎಡಗೈಗೆ ಒತ್ತುತ್ತದೆ.

ಇನ್ನೂ ನೋವಿದ್ರೆ ಟ್ರ್ಯಾಕ್‌ಬಾಲ್ ಯೋಚನೆ ಮಾಡಿ, ಕೈ ಅಲ್ಲಾಡಿಸೋದೇ ಬೇಡ. ನಂದು ಅದೇ, ವೀಲಿಲ್ಲ, ಒಂದು ಬಟನ್ ಒತ್ತಿಕೊಂಡು ಚೆಂಡು ತಿರುಗಿಸಿದ್ರೆ ಪುಟ ಜರುಗ್ತದೆ. ಲಿಬ್‌ಇನ್‌ಪುಟ್ಟಲ್ಲಿ (ಲಿನಕ್ಸಲ್ಲಿ ಮೌಸಿನ ಓಟ, ಕ್ಲಿಕ್ ನೋಡ್ಕೊಳ್ಳೋದು) ಸ್ಕ್ರೋಲ್ ಮೆಥಡ್ ಅಂತ ಇದೆ, ಅದನ್ನ ಬಟನ್ನಿಗೆ ಇಡೋದು.

ಕುಮಟಾ_ಪ್ಯಾಟೆ

ಆಯ್ತು ಅಣ್ಣ. ಮಾಡೆಲ್ ಬೇರೆ ಬೇರೆ ಅದೆ. ಮಾಡಿದೆ. ಅತ್ತೆ ಈಗ ಕೂತ್ಕಂಡಿದ್ದಾರೆ, ನಾ ಎದ್ದು ಬಂದು ಮೊಬೈಲಲ್ಲಿ ಬರೀತಿದ್ದೇನೆ.

ಅಂಕೋಲೆ_ಇಶಾಡು

ಕಾರವಾರದವರೆ, ನಿಮ್ಮಲ್ಲೂ ಹೀಗಾಗ್ತದಾ, ಒಂದು ಸಲ ಕ್ಲಿಕ್ ಮಾಡಿದ್ರೆ ಎರಡು ಸಲ ಬೀಳೋದು? ಫೋಲ್ಡರ್ ಸೆಲೆಕ್ಟ್ ಮಾಡೋಕೆ ಹೋದ್ರೆ ತೆರೆದುಬಿಡ್ತದೆ. ಮೌಸು ತಗಂಡು ವರ್ಷ ಆಗಿಲ್ಲ.

ಕಡಲತಡಿ_ಕಾರವಾರ

ನಮ್ಮದು ಕಡಲಿನ ದಂಡೆ, ಉಪ್ಪುಗಾಳಿ, ಬಟನ್ ಒಳಗಿನ ತಗಡಿಗೆ ಕಲೆ ಹಿಡೀತದೆ, ಒತ್ತಿದಾಗ ನಡುಗಿ ಎರಡು ಸಲ ತಾಗ್ತದೆ. ಲಿಬ್‌ಇನ್‌ಪುಟ್ ಇಂಥ ನಡುಕವನ್ನ ಗುರುತು ಹಿಡಿದು ಸ್ವಲ್ಪ ಮಟ್ಟಿಗೆ ಸೋಸ್ತದೆ, ಹೆಚ್ಚಾದ್ರೆ ಸ್ವಿಚ್ಚೇ ಬದಲಾಯಿಸಬೇಕು. ಕೆಳಗಿನ ಸ್ಟಿಕ್ಕರ್ ಅಡಿ ಸ್ಕ್ರೂ ಇರ್ತದೆ, ಬಿಚ್ಚಿದ್ರೆ ಮೂರು ಕಾಲಿನ ಪುಟ್ಟ ಸ್ವಿಚ್ ಕಾಣ್ತದೆ. ಬೆಸುಗೆ ಬರೋ ರಿಪೇರಿಯವರ ಹತ್ರ ಕೊಟ್ರೆ ಅರ್ಧ ಗಂಟೆ ಕೆಲಸ. ನಾನು ಕಮ್ಮಿ ಒತ್ತೋ ಬಟನ್ನಿನ ಸ್ವಿಚ್ ಕಿತ್ತು ಎಡ ಬಟನ್ನಿಗೆ ಹಾಕಿಸ್ಕೊಂಡೆ, ಎರಡು ಮಳೆಗಾಲ ದಾಟಿದೆ.

ಯಲ್ಲಾಪುರ_ಜೇನು

ಮೊದಲು ವಿಂಡೋಸಿಗೆ ಹೋಗಿ ಅಂದವ ನಾನೇ. ಎಲ್ಲಾ ಓದಿದೆ. ನನ್ನ ಹಳೇ ಲ್ಯಾಪ್‌ಟಾಪಿಗೂ ಮಿಂಟ್ ಹಾಕೋಣ ಅಂತ ಇದ್ದೇನೆ, ಅದೂ 11ಕ್ಕೆ ಹೋಗೋದಿಲ್ಲ. ಮಿಡಲ್ ಕ್ಲಿಕ್ ಅಷ್ಟೊಂದು ಯಾಕೆ ಬೇಕು ಅಂತ ಒಂದು ತಿಳೀಲಿಲ್ಲ.

ತೋಟದಂಚು_ಶಿರಸಿ

ಲಿನಕ್ಸಲ್ಲಿ ಅಕ್ಷರ ಎಳೆದು ಸೆಲೆಕ್ಟ್ ಮಾಡಿದ್ರೆ ಸಾಕು, ಕಾಪಿ ಒತ್ತೋದೇ ಬೇಡ, ಮಿಡಲ್ ಕ್ಲಿಕ್ ಮಾಡಿದಲ್ಲಿ ಬೀಳ್ತದೆ. ಕಂಟ್ರೋಲ್ ಸಿ ಮಾಡಿದ್ದು ಬೇರೆ, ಇದು ಬೇರೆ, ಎರಡೂ ಒಟ್ಟಿಗೆ ಕೈಲಿ ಇಟ್ಕೋಬಹುದು. ವಾಟ್ಸಾಪಲ್ಲಿ ಗಿರಾಕಿ ಕಳಿಸಿದ ಹೆಸರುಗಳನ್ನ ಕರೆಯೋಲೆಗೆ ಹಾಕೋಕೆ ಇದರಷ್ಟು ಬೇಗದ್ದು ಇಲ್ಲ.

ಆದ್ರೆ ಹುಷಾರು ಬೇಕು. ಹೊಸತರಲ್ಲಿ ಹಳೇ ಮೌಸಲ್ಲಿ ಪುಟ ಜರುಗಿಸುವಾಗ ವೀಲು ಒತ್ತಿ ಹೋಗಿ, ಒಬ್ಬರ ಮನೆ ಫೋನ್ ನಂಬರ್ ಇನ್ನೊಬ್ಬರ ಉಪನಯನದ ಕರೆಯೋಲೆ ಕೊನೇ ಸಾಲಿಗೆ ಸೇರಿಕೊಂಡಿತ್ತು. ಪ್ರೂಫಲ್ಲಿ ಅಮ್ಮ ಹಿಡಿದ್ರು, ಇಲ್ಲಾಂದ್ರೆ ಮುನ್ನೂರು ಪ್ರತಿ ಅಚ್ಚಾಗಿ ಹೋಗ್ತಿತ್ತು. ಅದಕ್ಕೇ ವೀಲಿನ ಒತ್ತು ಪೂರ್ತಿ ನಿಲ್ಲಿಸಿ, ಹೆಬ್ಬೆರಳಿಗೆ ಮಾತ್ರ ಕೊಡಬೇಕು ಅಂತ ನನ್ನ ಹಟ.

ಬೆಂಗಳೂರಲ್ಲಿರೋ_ಸಿದ್ದಾಪುರದವ

ಹಾಗಾದ್ರೆ ಅದೇ ಫೈಲಲ್ಲಿ ವೀಲಿನ ಒತ್ತಿಂದು, ಅಂದ್ರೆ 90003, ಅದಕ್ಕೆ ಬಿಟಿಎನ್ ಎಕ್ಸ್‌ಟ್ರಾ ಕೊಡಿ. ವೀಲು ಫಾರ್ವರ್ಡ್ ಆಗತ್ತೆ, ಹೆಬ್ಬೆರಳು ಮಿಡಲ್ ಆಗತ್ತೆ, ಎರಡೂ ಅದಲುಬದಲು. ತಪ್ಪಿ ಒತ್ತಿದ್ರೂ ರೈಟರಲ್ಲಿ ಏನೂ ಬೀಳೋದಿಲ್ಲ. ಇದರಲ್ಲಿ ಹೆಚ್‌ಡಬ್ಲ್ಯೂಡಿಬಿನೇ ನೀಟು, ಕಾರವಾರದವರ ಮಾತು ಒಪ್ಪಿದೆ.

ತೋಟದಂಚು_ಶಿರಸಿ

ಫೈಲ್ ಬರೆದೆ, ಅಪ್‌ಡೇಟ್ ಕೊಟ್ಟೆ, ಕಿತ್ತು ಚುಚ್ಚಿದೆ, ಏನೂ ಆಗಲಿಲ್ಲ. ಮತ್ತೆ ಫಾರ್ವರ್ಡೇ ಹೋಗ್ತದೆ. ಎರಡು ಸಲ ಅಳಿಸಿ ಬರೆದೆ.

ಕಡಲತಡಿ_ಕಾರವಾರ

ಎರಡು ಪ್ರಶ್ನೆ. ಎರಡನೇ ಸಾಲು ಶುರುವಾಗೋಕೆ ಮುಂಚೆ ಒಂದು ಸ್ಪೇಸ್ ಬಿಟ್ಟಿದ್ದೀರಾ? ಮೊದಲನೇ ಸಾಲಿನ ಹೆಕ್ಸಾ ನಂಬರಲ್ಲಿ ಬರೋ ಎ ಬಿ ಸಿ ಡಿ ದೊಡ್ಡಕ್ಷರದಲ್ಲಿ ಇದೆಯಾ? ಎಲ್‌ಎಸ್‌ಯುಎಸ್‌ಬಿ ಸಣ್ಣಕ್ಷರದಲ್ಲಿ ತೋರಿಸ್ತದೆ, ಇಲ್ಲಿ ದೊಡ್ಡಕ್ಷರ ಬೇಕು. ಮುಂಚೆಯೇ ಹೇಳಬೇಕಿತ್ತು, ನನ್ನ ತಪ್ಪು.

ತೋಟದಂಚು_ಶಿರಸಿ

ಎರಡೂ ಇರಲಿಲ್ಲ! ಸ್ಪೇಸೂ ಬಿಟ್ಟಿರಲಿಲ್ಲ, ಅಕ್ಷರವೂ ಸಣ್ಣದಿತ್ತು. ಸರಿ ಮಾಡಿ ಕಿತ್ತು ಚುಚ್ಚಿದೆ, ಆಯ್ತು. ಎಕ್ಸ್‌ಇವೀಲಿ ಹೆಬ್ಬೆರಳು ಮುಂದಿಂದು ಒತ್ತಿದ್ರೆ 2 ಅಂತ ಬರ್ತಾ ಅದೆ, ವೀಲು ಒತ್ತಿದ್ರೆ 9.

ಅಘನಾಶಿನಿ_ದಂಡೆ

ಒಂದು ಸ್ಪೇಸಿಗೆ ಇಷ್ಟು ಕಾಟ. ಆದ್ರೂ ಆಯ್ತಲ್ಲ, ಖುಷಿ.

ತೋಟದಂಚು_ಶಿರಸಿ

ಹನ್ನೆರಡು ದಿನ ಆಯ್ತು, ಹೇಳಿ ಹೋಗೋಣ ಅಂತ ಬಂದೆ. ನಿನ್ನೆ ಒಂದೇ ದಿನ ಕರೆಂಟ್ ಆರು ಸಲ ಹೋಗಿ ಬಂತು, ಹಬ್ಬು ಆರು ಸಲ ಸತ್ತು ಹುಟ್ಟಿತು, ಬಟನ್ ಎರಡೂ ಹಾಗೇ ಅದೆ, ಒಂದು ಸಲವೂ ರೀಸ್ಟಾರ್ಟ್ ಮಾಡಿಲ್ಲ. ಕಿರುಬೆರಳ ಸೆಟೆತ ರಾತ್ರಿ ಕಮ್ಮಿ ಆಗಿದೆ. ಎರಡನೇ ಕಂಪ್ಯೂಟರಿಗೂ ಅದೇ ಮೌಸು ತಂದು ಅದೇ ಫೈಲ್ ಪೆನ್‌ಡ್ರೈವಲ್ಲಿ ಒಯ್ದು ಹಾಕಿದೆ, ಚುಚ್ಚಿದ ಕೂಡ್ಲೇ ಹಿಡೀತು. ಅಮ್ಮ ಅದರಲ್ಲಿ ಪ್ರೂಫ್ ನೋಡ್ತಾರೆ, ಕೆಂಪು ಬಟನ್ ಒತ್ತಿ ವಾಕ್ಯ ಸೆಲೆಕ್ಟ್ ಮಾಡೋದು ಅವರಿಗೆ ಬಲು ಇಷ್ಟ ಆಗಿಬಿಟ್ಟದೆ.

ಕಾರವಾರದವರೆ, ಸಿದ್ದಾಪುರದ ಭಾವ, ಈ ಕಡೆ ಬಂದ್ರೆ ಅಂಗಡಿಗೆ ಬನ್ನಿ, ಚಾ ಕುಡಿದು ಹೋಗಿ.

ಕಡಲತಡಿ_ಕಾರವಾರ

ಬರ್ತೇನೆ. ಬರುವಾಗ ಹಬ್ಬಿನ ಅಡಾಪ್ಟರ್ರಿಗೆ ಯುಪಿಎಸ್ಸಿಂದ ಒಂದು ಎಕ್ಸ್‌ಟೆನ್ಷನ್ನೂ ಎಳೆದುಕೊಡ್ತೇನೆ, ಪೆನ್‌ಡ್ರೈವೂ ಅದೇ ಹಬ್ಬಲ್ಲಿ ತಾನೇ ಚುಚ್ಚೋದು? ಕಾಪಿ ಆಗ್ತಾ ಇರುವಾಗ ಕರೆಂಟ್ ಹೋದ್ರೆ ಫೈಲೇ ಹೋಗ್ತದೆ.

ತೋಟದಂಚು_ಶಿರಸಿ

ಹೌದಲ್ಲ, ಅದು ಯೋಚನೆನೇ ಮಾಡಿರಲಿಲ್ಲ. ಇವತ್ತೇ ಪೆನ್‌ಡ್ರೈವ್ ಸಿಪಿಯುಗೆ ಬದಲಾಯಿಸ್ತೇನೆ.